ಧಣಿಗೆ ವಯಸ್ಸಾಗಲಿ

ವಿನೋಬನಗರ, ದಾವಣಗೆರೆ
11 ಮಾರ್ಚ್ 2025

ಅಳಿಯ ರೇವಂತನಿಗೆ ಸೋದರಮಾವ ಮಲ್ಲೇಶಪ್ಪನ ಆಶೀರ್ವಾದ.

ಭಾನುವಾರ ನಿನ್ನ ಫೋನು ಬಂದಾಗ ನನ್ನ ಮಗಳು ಚೌಡೇಶ್ವರಿ ಅದನ್ನು ನನ್ನ ಬಲಗಿವಿಗೆ ಒತ್ತಿ ಹಿಡಿದಳು. ನೀನು ಏನೋ ಹೇಳುತ್ತಿದ್ದೆ, ನನಗೆ ಮಂಡಕ್ಕಿ ಹುರಿಯುವ ಭಟ್ಟಿಯಂತೆ ಬರೀ ಚರಚರ ಕೇಳಿಸಿತು. ಕೊನೆಗೆ ಚೌಡಿ ಒಂದು ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು: 'ರೇವಂತನಿಗೆ ಧಣಿ ಸಿನಿಮಾದಲ್ಲಿ ಪಾರ್ಟು ಸಿಕ್ಕಿದೆ. ಧಣಿಯ ಹರೆಯದ ಪಾರ್ಟು. ನಲವತ್ತು ನಿಮಿಷ.' ಓದಿದವನಿಗೆ ಅಂಗಡಿಯ ಬಾಣಲೆಯಲ್ಲಿದ್ದ ಮೆಣಸಿನಕಾಯಿ ಬಜ್ಜಿ ಮರೆತೇ ಹೋಯಿತು. ಒಂದು ಒಬ್ಬೆ ಪೂರಾ ಕಪ್ಪಾಯಿತು. ಗಿರಾಕಿಗಳು ಬೈದುಕೊಂಡು ಹೋದರಂತೆ, ಅದೂ ಕೇಳಿಸಲಿಲ್ಲ.

ನನ್ನ ಎಡಗಿವಿ ಹೋದದ್ದು ಧಣಿಯ ಸಿನಿಮಾದ ನೂರನೇ ದಿನದ ಸರಪಟಾಕಿಗೆ, 1998ರಲ್ಲಿ. ಬಲಗಿವಿ ಈಗ ತಾನಾಗಿಯೇ ಹೋಗುತ್ತಿದೆ. ಆದ್ದರಿಂದ ಇನ್ನು ಮೇಲೆ ಫೋನು ಬೇಡ, ಕಾಗದ ಬರೆ. ಮೊಬೈಲಿನ ಸಣ್ಣ ಅಕ್ಷರ ನನಗೆ ಒಗ್ಗುವುದಿಲ್ಲ. ಕಾಗದ ಬರೆಯುವುದು ನನಗೆ ರೂಢಿಯೂ ಇದೆ. ಮೊನ್ನೆ ಒಂಬತ್ತಕ್ಕೆ ಧಣಿಗೆ ಅರವತ್ತಮೂರು ತುಂಬಿತು, ನನ್ನ ಮೂವತ್ನಾಲ್ಕನೇ ವರ್ಷದ ಕಾಗದ ಹೋಯಿತು. ಕೊನೆಯ ಸಾಲು ಪ್ರತಿ ವರ್ಷದ್ದೇ: 'ನಿಮಗೆ ಎಂದಿಗೂ ವಯಸ್ಸಾಗದಿರಲಿ.' ಸಹಿ ಹಾಕಿದ ಫೋಟೋ ಇನ್ನು ಹದಿನೈದು ದಿನಕ್ಕೆ ಬರುತ್ತದೆ. ಪೃಥ್ವಿಧರ್ ಎಂದು ಹೆಸರಿಟ್ಟವರು ಅವರ ತಂದೆತಾಯಿ ಇರಬಹುದು, ಧಣಿ ಎಂದು ಹೆಸರಿಟ್ಟವರು ನಾವು, ದಾವಣಗೆರೆಯ ಅಭಿಮಾನಿ ಸಂಘದವರು. ಇದನ್ನು ನೀನು ಶೂಟಿಂಗಿನಲ್ಲಿ ಎಲ್ಲರಿಗೂ ಹೇಳಬೇಕು.

ಚೌಡಿಗೆ ಮಾತ್ರ ಇದು ದೊಡ್ಡ ವಿಷಯವಲ್ಲ. ಕಾಲೇಜು ಮೆಟ್ಟಿಲು ಹತ್ತಿದವಳಲ್ಲವೇ. ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಅಪ್ಪಾ, ಪಾರ್ಟು ಸಿಗಬೋದು. ಆದ್ರೆ ಈಗ ಹೊಸಬ್ರು ಯಾರೂ ಸ್ಟಾರ್ ಆಗಲ್ಲ. ಹದಿನೈದು ದಿನ ಎಲ್ಲಾರ ಫೋನಾಗೆ ಇರ್ತಾರೆ, ಹದಿನಾರನೇ ದಿನಕ್ಕೆ ಇನ್ನೊಬ್ಬ ಬರ್ತಾನೆ. ನಿಮ್ ಧಣಿ ಥರ ಆಗೋ ಕಾಲ ಮುಗೀತು."

ನಾನು ಹೇಳಿದೆ: "ಸ್ಟಾರ್ ಹುಟ್ಟೋದು ಪರದೆ ಮ್ಯಾಲಲ್ಲ ಕಣವ್ವಾ, ಪರದೆ ಎದುರಿಗೆ. ನಮ್ಮಂಥೋರು ಎದ್ದು ನಿಂತ್ರೆ ಅವನು ಸ್ಟಾರು. ನಾನು ಎದ್ದು ನಿಲ್ತೀನಿ."

ಪಂದ್ಯ ಕಟ್ಟಿದ್ದೇವೆ. ನೀನು ಸ್ಟಾರ್ ಆದರೆ ಅವಳು ಒಂದು ವಾರ ಅಂಗಡಿಯಲ್ಲಿ ಮೆಣಸಿನಕಾಯಿ ಕರಿಯಬೇಕು. ನನ್ನ ಮರ್ಯಾದೆ ನಿನ್ನ ಕೈಯಲ್ಲಿದೆ.

ನಿನ್ನ ಮಾವ,
ಮಲ್ಲೇಶಪ್ಪ


ಬೆಂಗಳೂರು
20 ಏಪ್ರಿಲ್ 2025

ಮಾವನಿಗೆ ರೇವಂತನ ನಮಸ್ಕಾರ.

ನಿಮ್ಮ ಕಾಗದವನ್ನು ರೂಮಿನ ಹುಡುಗರೆಲ್ಲ ಓದಿದರು. ಇಷ್ಟು ಉದ್ದದ ಕಾಗದವನ್ನು ಅವರು ಮೊದಲ ಸಲ ನೋಡಿದ್ದಂತೆ.

ಶೂಟಿಂಗ್ ನಿನ್ನೆ ಮುಗಿಯಿತು. ಅಲ್ಲಿಯ ವಿಷಯ ಹೊರಗೆ ಹೇಳಬಾರದೆಂದು ಸಹಿ ಹಾಕಿದ್ದೇನೆ, ಆದರೂ ನಿಮಗೆ ಹೇಳದಿದ್ದರೆ ಅನ್ನ ಅರಗುವುದಿಲ್ಲ. ಮೂವತ್ತು ಪುಟದ ಇಂಗ್ಲಿಷ್ ಕಾಗದ. ಓದಲು ಎರಡು ದಿನ ಕೇಳಿದೆ. ಸಿನಿಮಾ ಕಂಪನಿಯ ಮ್ಯಾನೇಜರು ನಕ್ಕು, "ಓದೋರಿಗೆ ಪಾರ್ಟ್ ಸಿಗಲ್ಲ, ಮಾಡೋರಿಗೆ ಸಿಗುತ್ತೆ" ಅಂದರು. ಸಹಿ ಮಾಡಿದೆ.

ಒಂದು ವಿಚಿತ್ರ ಹೇಳುತ್ತೇನೆ. ನನಗೆ ಮೇಕಪ್ ಇರಲಿಲ್ಲ. ದಿನಾ ಬೆಳಿಗ್ಗೆ ಮುಖದ ತುಂಬ ಸಣ್ಣ ಕಪ್ಪು ಚುಕ್ಕೆ ಇಡುತ್ತಿದ್ದರು. ಕನ್ನಡಿಯಲ್ಲಿ ಎಣಿಸಿದೆ, ಐವತ್ತೆರಡು. ಯಾಕೆ ಎಂದು ಕೇಳಿದ್ದಕ್ಕೆ, ಆಮೇಲೆ ಕಂಪ್ಯೂಟರಿನಲ್ಲಿ ಗಾಯದ ಗುರುತು ಕೂರಿಸುವುದಿದೆ ಎಂದರು. ಶುರುವಿಗೆ ಮುಂಚೆ ಮೂರು ದಿನ ಒಂದು ಗುಂಡನೆಯ ಕೋಣೆಯಲ್ಲಿ ನಿಲ್ಲಿಸಿದ್ದರು. ಸುತ್ತಲೂ ಕ್ಯಾಮೆರಾ. ನಡಿ, ಓಡು, ಕೂರು, ಏಳು, ತಿರುಗಿ ನೋಡು. ಬರೀ ಅದೇ. ನಾಟಕದ ಟ್ರೇನಿಂಗಿನಲ್ಲೂ ಇಷ್ಟು ನಡೆದಿರಲಿಲ್ಲ.

ಧಣಿಯನ್ನು ಕಂಡೆ. ದೊಡ್ಡವರು, ಒಳ್ಳೆಯವರು. ನಾನು ಗದ್ದೆಯ ಬದುವಿನ ಮೇಲೆ ಓಡುವ ಶಾಟ್ ಇತ್ತು. ಮುಗಿದ ಮೇಲೆ ಹತ್ತಿರ ಕರೆದು ಹೆಗಲ ಮೇಲೆ ಕೈ ಇಟ್ಟರು. "ಚೆನ್ನಾಗಿ ಓಡ್ತೀಯಪ್ಪ. ನನಗೆ ಮಂಡಿ ಹೋಗಿ ಹತ್ತು ವರ್ಷ ಆಯ್ತು" ಅಂದರು. ಯಾಕೋ ನನ್ನ ಮುಖ ನೋಡಿ ಮಾತಾಡಲಿಲ್ಲ.

ತಾಯಿ ಸಾಯುವ ದೃಶ್ಯದಲ್ಲಿ ನಾನು ಅತ್ತೆ. ಲೈಟ್ ಹಿಡಿದವರೊಬ್ಬರು ಕಣ್ಣು ಒರೆಸಿಕೊಂಡರು. ಮಾವ, ಚೌಡಿಯ ಪಂದ್ಯವನ್ನು ನೀವು ಗೆದ್ದಿರೆಂದೇ ಅನಿಸುತ್ತದೆ. ಅವ್ವನಿಗೆ ನೀವೇ ಹೋಗಿ ಹೇಳಿ.

ನಿಮ್ಮ ಅಳಿಯ,
ರೇವಂತ್


ವಿನೋಬನಗರ, ದಾವಣಗೆರೆ
24 ಆಗಸ್ಟ್ 2025

ಅಳಿಯನಿಗೆ ಆಶೀರ್ವಾದ.

ನಾಲ್ಕು ತಿಂಗಳಾಯಿತು, ನಿನ್ನದು ಒಂದು ಸಾಲೂ ಇಲ್ಲ. ದೊಡ್ಡ ಮನುಷ್ಯನಾದೆ, ಪುರುಸೊತ್ತಿಲ್ಲ ಎಂದುಕೊಂಡಿದ್ದೇನೆ. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದೆ.

ದಸರೆಗೆ ನಿಮ್ಮ ಸಿನಿಮಾ 'ಕೆಂಡದ ಹಗೇವು' ಬಿಡುಗಡೆ ಎಂದು ಪೋಸ್ಟರ್ ಬಿದ್ದಿದೆ. ಪೋಸ್ಟರಿನಲ್ಲಿ ಧಣಿ ಬೆನ್ನು ತೋರಿಸಿ ನಿಂತಿದ್ದಾರೆ. ನಿನ್ನ ಫೋಟೋ ಇಲ್ಲ. ಬುದ್ಧಿವಂತರು, ಮೊದಲ ದಿನಕ್ಕೆ ಗುಟ್ಟು ಇಟ್ಟಿದ್ದಾರೆ.

ನಿನ್ನೆ ಸಂಘದ ಮೀಟಿಂಗ್ ಆಯಿತು. ನಾನು ಹೇಳಿದೆ: ಈ ಸಲ ಎರಡು ಕಟೌಟ್. ಧಣಿಯದು ನಲವತ್ತು ಅಡಿ, ಪಕ್ಕದಲ್ಲಿ ನಮ್ಮ ಹುಡುಗನದು ಇಪ್ಪತ್ತು ಅಡಿ. ಖಜಾಂಚಿ ಪಾಲಯ್ಯ ಕುರ್ಚಿ ಬಿಟ್ಟು ಎದ್ದ. ನನ್ನ ಕಿವಿಗೆ ಬೀಳುವಷ್ಟು ಜೋರಾಗಿಯೇ ಹೇಳಿದ: "ಧಣಿ ಪಕ್ಕ ಇನ್ನೊಬ್ಬನ ಕಟೌಟಾ? ಮೂವತ್ನಾಕು ವರ್ಷದಾಗೆ ಇಲ್ಲದ್ದು ಈಗ್ಯಾಕ? ನಿನ್ನ ಅಕ್ಕನ ಮಗ ಅಂತಾನಾ?"

ನಾನೂ ಬಿಡಲಿಲ್ಲ. "ಧಣಿನೂ ಒಂದು ಕಾಲಕ್ಕೆ ಯಾರದೋ ಅಕ್ಕನ ಮಗನೇ ಆಗಿದ್ದ. ಕಟೌಟ್ ಬ್ಯಾಡ ಅಂದ್ರೆ ಅಧ್ಯಕ್ಷ ಸ್ಥಾನನೂ ಬ್ಯಾಡ, ತಗೊಳ್ರಿ" ಅಂದೆ. ಆಮೇಲೆ ಒಪ್ಪಿದರು. ಪಾಲಯ್ಯ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ನನಗೇನು, ಅವನು ಆಡಿದ್ದರೂ ಕೇಳಿಸುತ್ತಿರಲಿಲ್ಲ.

ನಮ್ಮ ಟಾಕೀಸಿನ ಪದ್ಧತಿ ನಿನಗೆ ಗೊತ್ತೇ ಇದೆ. ನಿಮ್ಮಪ್ಪ ತೀರಿಕೊಂಡ ಮೇಲೆ ನನ್ನ ಮನೆಗೆ ಬಂದ ನೀನು ಮೂರನೇ ಕ್ಲಾಸಿಗೇ ಸೀಟಿ ಹೊಡೆಯಲು ಕಲಿತವನು. ಹೀರೋ ಬರುವ ಹೊತ್ತಿಗೆ ಅಧ್ಯಕ್ಷನಾದವನು ಎದ್ದು, ಪರದೆಗೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ನಿಂತು ಎರಡೂ ಕೈ ಎತ್ತಬೇಕು. ಆಗಲೇ ಜನ ಏಳುವುದು. ಮೂವತ್ನಾಲ್ಕು ವರ್ಷದಲ್ಲಿ ಧಣಿಯ ಒಂದು ಎಂಟ್ರಿಯನ್ನೂ ನಾನು ಮೊದಲ ಆಟದಲ್ಲಿ ನೋಡಿಲ್ಲ. ಜನರ ಮುಖದಲ್ಲಿ ನೋಡಿದ್ದೇನೆ. ನಿನ್ನ ಎಂಟ್ರಿಗೂ ಹಾಗೆಯೇ ನಿಲ್ಲುತ್ತೇನೆ. ನಿಮ್ಮೂರು ಕೊಕ್ಕನೂರಿನಿಂದ ಎರಡು ಟ್ರ್ಯಾಕ್ಟರ್ ಜನ ಬರುತ್ತಾರೆ. ಅಕ್ಕ ಈಗಾಗಲೇ ಸೀರೆ ತೆಗೆದಿಟ್ಟಿದ್ದಾಳೆ.

ಕಟೌಟಿಗೆ ನಿನ್ನ ಒಂದು ಒಳ್ಳೆಯ ಫೋಟೋ ಕಳಿಸು.

ಮಲ್ಲೇಶಪ್ಪ


ಬೆಂಗಳೂರು
14 ಸೆಪ್ಟೆಂಬರ್ 2025

ಮಾವನಿಗೆ ನಮಸ್ಕಾರ.

ಕಟೌಟ್ ಬೇಡ. ದಯವಿಟ್ಟು ಬೇಡ. ಪಾಲಯ್ಯಣ್ಣ ಹೇಳಿದ್ದೇ ಸರಿ ಎಂದುಕೊಳ್ಳಿ.

ಅವ್ವನನ್ನು ಮೊದಲ ದಿನ ಕರೆದುಕೊಂಡು ಹೋಗಬೇಡಿ. ಊರಿನವರನ್ನೂ ಬೇಡ. ನೀವು ಒಬ್ಬರೇ ಹೋಗಿ ನೋಡಿ, ಆಮೇಲೆ ನಿಮಗೆ ಏನು ಅನಿಸುತ್ತದೋ ಹಾಗೆ ಮಾಡಿ. ಕಾರಣ ಬರೆಯುವ ಹಾಗಿಲ್ಲ. ಸಹಿ ಮಾಡಿದ್ದೇನೆಂದು ಹೇಳಿದ್ದೆನಲ್ಲ. ಬರೆದರೆ ನನ್ನ ಮೇಲೆ ಕೇಸು ಹಾಕುತ್ತಾರೆ.

ಫೋಟೋ ಕಳಿಸುತ್ತಿಲ್ಲ. ಬಯ್ಯಬೇಡಿ.

ರೇವಂತ್


ಟಾಕೀಸಿನ ಎದುರು, ದಾವಣಗೆರೆ
2 ಅಕ್ಟೋಬರ್ 2025, ಬೆಳಿಗ್ಗೆ ಹತ್ತು ಗಂಟೆ

ರೇವಂತ,

ಚಹಾದಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಹೇಗೋ ಓದಿಕೋ.

ನೀನು ಬೇಡ ಎಂದದ್ದನ್ನು ನಾನು ನಾಚಿಕೆ ಎಂದು ತಿಳಿದೆ. ಚೌಡಿಯ ಫೋನಿನಲ್ಲಿದ್ದ ನಿನ್ನ ಫೋಟೋ ಕೊಟ್ಟು ಕಟೌಟ್ ಮಾಡಿಸಿದೆ. ಬೆಳಿಗ್ಗೆ ಆರರ ಆಟ. ಐದಕ್ಕೇ ಟ್ರ್ಯಾಕ್ಟರ್ ಬಂದವು. ಅಕ್ಕ ಕೆಳಗಿಳಿದು ನಿನ್ನ ಕಟೌಟನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಇಷ್ಟು ಎತ್ತರ ಆಗ್ಯಾನಾ" ಅಂದಳು. ಎಲ್ಲರೂ ನಕ್ಕೆವು. ನಿನ್ನ ಕೊರಳಿಗೆ ಮೊದಲ ಹಾರ ನಾನೇ ಏಣಿ ಹತ್ತಿ ಹಾಕಿದೆ.

ಒಳಗೆ ಹೋದೆವು. ಮೊದಲು ಒಂದಿಷ್ಟು ಕಥೆ. ಆಮೇಲೆ ಗದ್ದೆ ಬಂತು. ಈಗಲೇ ನಿನ್ನ ಎಂಟ್ರಿ ಎಂದು ತಿಳಿದು ಎದ್ದೆ. ಪರದೆಗೆ ಬೆನ್ನು ಮಾಡಿದೆ. ಕೈ ಎತ್ತಿದೆ.

ಜನ ಎದ್ದರು ರೇವಂತ. ನನಗೆ ಸದ್ದು ಕೇಳುವುದಿಲ್ಲ, ನೆಲ ನಡುಗುವುದು ಅಂಗಾಲಿಗೆ ಗೊತ್ತಾಗುತ್ತದೆ. ಇಷ್ಟು ನಡುಗಿದ್ದನ್ನು ನಾನು ಮೂವತ್ನಾಲ್ಕು ವರ್ಷದಲ್ಲಿ ಕಂಡಿಲ್ಲ. ಮಾತು ಬಿಟ್ಟಿದ್ದ ಪಾಲಯ್ಯ ಅಂಗಿ ಬಿಚ್ಚಿ ತಿರುಗಿಸುತ್ತಿದ್ದ. ಅವನ ಕಣ್ಣಲ್ಲಿ ನೀರು. ನನ್ನ ಎದೆ ತುಂಬಿ ಬಂತು. ನನ್ನ ಅಳಿಯನಿಗೆ ದಾವಣಗೆರೆ ಎದ್ದು ನಿಂತಿದೆ, ವೈರಿಯೂ ಅಳುತ್ತಿದ್ದಾನೆ, ಇನ್ನೇನು ಬೇಕು. "ನೋಡಿದ್ಯಾ ಚೌಡಿ, ಆಗಲ್ಲ ಅಂದಿದ್ದೆಯಲ್ಲ" ಎಂದು ಕೂಗಿದೆ. ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದೆ. ಮತ್ತೆ ಮತ್ತೆ ಹೊಡೆದೆ.

ಚೌಡಿ ನನ್ನ ಕಡೆ ನೋಡುತ್ತಿರಲಿಲ್ಲ. ಬಾಯಿ ತೆರೆದು ಪರದೆ ನೋಡುತ್ತಿದ್ದಳು. ಕೊಕ್ಕನೂರಿನ ಮೂರು ಸಾಲು ಕೂತೇ ಇತ್ತು. ಆಗ ತಿರುಗಿದೆ.

ನನ್ನ ಅಂಗಡಿಯ ಗೋಡೆಯ ಮೇಲೆ 1992ರ ಧಣಿಯ ಫೋಟೋ ಇದೆಯಲ್ಲ, ದಿನಾ ನಾನು ಊದುಬತ್ತಿ ಹಚ್ಚುವ ಫೋಟೋ. ಆ ಮುಖ. ಅದು ನಗುತ್ತಿತ್ತು. ಕಣ್ಣು ಮಿಟುಕಿಸುತ್ತಿತ್ತು. ಮಾತಾಡುತ್ತಿತ್ತು. ನಿನ್ನ ಮುಖ ಎಲ್ಲಿಯೂ ಇರಲಿಲ್ಲ. ಈಗ ಬರುತ್ತೀ, ಇನ್ನೊಂದು ಸೀನಿಗೆ ಬರುತ್ತೀ ಎಂದು ನಲವತ್ತು ನಿಮಿಷ ನಿಂತೇ ಇದ್ದೆ. ಹಿಂದಿನವರು ಅಂಗಿ ಹಿಡಿದು ಜಗ್ಗಿ ಕೂರಿಸಿದರು. ಕೊನೆಗೆ ಹೆಸರು ಓಡುವಾಗಲೂ ಕೂತೆ. ಅಡುಗೆಯವರ ಹೆಸರು ಬಂತು, ಡ್ರೈವರುಗಳ ಹೆಸರು ಬಂತು. ನಿನ್ನದು ಬರಲಿಲ್ಲ.

ಎಲ್ಲರೂ ಎದ್ದು ಹೋದರೂ ಅಕ್ಕ ಏಳಲಿಲ್ಲ. ಸಮಾಧಾನ ಮಾಡೋಣವೆಂದು ಹತ್ತಿರ ಹೋದೆ. ಅವಳು ಅಳುತ್ತಿರಲಿಲ್ಲ. ನನ್ನ ಬಲಗಿವಿಗೆ ಬಾಯಿ ಇಟ್ಟು ಹೇಳಿದಳು: "ಮಲ್ಲೇಶಿ, ಅದು ನನ್ನ ಮಗನ ಕಾಲು. ಬದುವಿನ ಮ್ಯಾಲೆ ಬಲಗಾಲು ಒಳಕ್ಕೆ ತಿರುವಿ ಇಡ್ತಾನೆ, ಸಣ್ಣವನಿದ್ದಾಗಿಂದ. ಮೈ ಎಲ್ಲಾ ಐತಲ್ಲೋ. ಮುಖ ಎಲ್ಲಿ ಹೋತು?"

ನೀನೇ ಹೇಳು.

ಹೊರಗೆ ಬಂದರೆ ಯಾರೋ ಇಬ್ಬರು ನಿನ್ನ ಕಟೌಟ್ ತೋರಿಸಿ ನಮ್ಮವರನ್ನು ಕೇಳುತ್ತಿದ್ದರಂತೆ: "ಧಣಿ ಪಕ್ಕ ಇರೋದು ಯಾರಣ್ಣ? ಎಮ್ಮೆಲ್ಲೆ ಮಗನಾ?" ಚೌಡಿ ಅವರ ಮೇಲೆ ಜಗಳಕ್ಕೆ ಹೋದಳು. ಪಂದ್ಯ ಗೆದ್ದವಳು ಅವಳು, ಬಿಕ್ಕಿ ಬಿಕ್ಕಿ ಅಳುತ್ತಿದ್ದವಳೂ ಅವಳೇ.

ನೀನು ನನಗೆ ಮೊದಲೇ ಹೇಳಬಹುದಿತ್ತು. ಕೇಸು ಹಾಕಿದರೆ ಹಾಕಲಿ ಎನ್ನಬಹುದಿತ್ತು. ನಾನು ಸೀಟಿ ಹೊಡೆದೆ ರೇವಂತ. ನಿನ್ನನ್ನು ಅಳಿಸಿ ಹಾಕಿದ್ದಕ್ಕೆ ಎಲ್ಲರಿಗಿಂತ ಮೊದಲು ಸೀಟಿ ಹೊಡೆದವನು ನಾನು.

ಮಲ್ಲೇಶಪ್ಪ


ಬೆಂಗಳೂರು
26 ಅಕ್ಟೋಬರ್ 2025

ಮಾವನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಇಪ್ಪತ್ತು ದಿನ ತಿರುಗಿದೆ. ಈಗ ಕೇಸಿನ ಭಯ ಬಿಟ್ಟು ಬರೆಯುತ್ತೇನೆ.

ನನಗೆ ಗೊತ್ತಾದದ್ದು ಜುಲೈನಲ್ಲಿ. ಡಬ್ಬಿಂಗಿಗೆ ಯಾಕೆ ಕರೆದಿಲ್ಲವೆಂದು ನಾನೇ ಸ್ಟುಡಿಯೋಗೆ ಹೋದೆ. ಒಳಗೆ ತಾಯಿ ಸಾಯುವ ದೃಶ್ಯ ಓಡುತ್ತಿತ್ತು. ನನ್ನ ಅಂಗಿ, ನನ್ನ ಕೈ. ನನ್ನ ಕುತ್ತಿಗೆಯ ಮೇಲೆ ಧಣಿ ಅಳುತ್ತಿದ್ದರು. ಅವರೇ ಮೈಕಿನ ಮುಂದೆ ಕೂತು ಧ್ವನಿಯನ್ನೂ ಕೊಡುತ್ತಿದ್ದರು. ನನ್ನನ್ನು ನೋಡಿದ ಮ್ಯಾನೇಜರು ಹೊರಗೆ ಕರೆದುಕೊಂಡು ಬಂದು, "ಹದಿನೇಳನೇ ಪುಟ ಓದಿಲ್ವಾ?" ಎಂದು ಕೇಳಿದರು. ರೂಮಿಗೆ ಬಂದು ಓದಿದೆ. ನನ್ನ ಮೈ ಮೇಲೆ ಕಂಪ್ಯೂಟರಿನಲ್ಲಿ ಧಣಿಯ ಮುಖ ಕೂರಿಸುವುದೆಂದು ಸರಿಯಾಗಿಯೇ ಬರೆದಿತ್ತು. ಕನ್ನಡಿ ನೋಡಿ ಮುಖ ಮುಟ್ಟಿ ನೋಡಿಕೊಂಡೆ, ಹುಚ್ಚನ ಹಾಗೆ.

ಈಗ ಕಂಪನಿಯವರು ಮತ್ತೆ ಕರೆದಿದ್ದಾರೆ. ಧಣಿಯ ಮುಂದಿನ ಮೂರು ಸಿನಿಮಾಕ್ಕೂ ನಾನೇ ಮೈಯಾಗಬೇಕಂತೆ. ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಯಾರಿಗೂ ಹೇಳುವ ಹಾಗಿಲ್ಲ, ಅಷ್ಟೇ. ಸಹಿ ಮಾಡಲೋ ಬೇಡವೋ ತಿಳಿಯುತ್ತಿಲ್ಲ.

ಚೌಡಿ ಹೇಳಿದ್ದು ಸರಿಯಿತ್ತು, ಕಾರಣ ಮಾತ್ರ ಬೇರೆ. ಮುಂಚೆ ಹಳಬರಿಗೆ ವಯಸ್ಸಾಗುತ್ತಿತ್ತು, ಅಪ್ಪನ ಪಾರ್ಟಿಗೆ ಇಳಿಯುತ್ತಿದ್ದರು, ಹೊಸಬನಿಗೆ ಜಾಗ ಖಾಲಿಯಾಗುತ್ತಿತ್ತು. ಧಣಿಯೂ ಹಾಗೆಯೇ ಬಂದವರಲ್ಲವೇ. ಈಗ ಅಪ್ಪನೂ ಅವರೇ, ಮಗನೂ ಅವರೇ, ಇನ್ನು ಹತ್ತು ವರ್ಷಕ್ಕೆ ಮೊಮ್ಮಗನೂ ಅವರೇ.

ಮಾವ, ನೀವು ನನ್ನ ಮೇಲೆ ಸಿಟ್ಟಾಗಿದ್ದೀರಿ. ನಾನೂ ಒಂದು ಮಾತು ಕೇಳುತ್ತೇನೆ. ಆ ದಿನ ಪರದೆಯ ಮೇಲೆ ನನ್ನ ಮುಖವೇ ಇದ್ದಿದ್ದರೆ ದಾವಣಗೆರೆ ಹಾಗೆ ಎದ್ದು ನಿಲ್ಲುತ್ತಿತ್ತೇ? ಪಾಲಯ್ಯಣ್ಣನಿಗೆ ಕಣ್ಣೀರು ಬರುತ್ತಿತ್ತೇ? ಕಂಪನಿಯವರು ನಿಮ್ಮನ್ನು ಕೇಳಿಯೇ ಹೀಗೆ ಮಾಡಿದ್ದಾರೆ. ನೀವು ಪ್ರತಿ ಮಾರ್ಚಿನಲ್ಲಿ ಏನು ಬರೆದು ಕಳಿಸುತ್ತಿದ್ದಿರಿ?

ರೇವಂತ್


ಕೊಕ್ಕನೂರು
23 ನವೆಂಬರ್ 2025

ರೇವಂತಾ,

ನಾನು ನಿಮ್ಮವ್ವ. ನಾ ಹೇಳ್ತಾ ಹೋಗ್ತೀನಿ, ಚೌಡಿ ಬರಕೋತಾಳೆ. ನಡುವೆ ತನ್ನ ಮಾತು ಸೇರಿಸಬ್ಯಾಡ ಅಂದೀನಿ.

ನಿನ್ನ ಕಾಗದ ನಿಮ್ಮಾವ ನಂಗೆ ಓದಿ ಹೇಳ್ದ. ಕೊನೀಗೆ ಬಂದಾಗ ಕಾಗದ ಮಡಚಿಟ್ಟ. ಎದ್ದು ಹೊರಗೆ ಹೋದ. ಅವನು ಉತ್ತರ ಬರಿಯಲ್ಲ ಅಂತ ನಂಗೆ ಗೊತ್ತು, ಅದಕ್ಕೇ ನಾ ಹೇಳಿ ಬರಸ್ತಿದೀನಿ.

ನಾನು ಹರಿಹರದ ಟಾಕೀಸಿಗೆ ಹೋಗಿ ಆ ಸಿನಿಮಾ ಇನ್ನೂ ನಾಕು ಸಲ ನೋಡ್ದೆ. ಮಲೆಬೆನ್ನೂರಿಂದ ಬರೋ ಬಸ್ಸಿಗೆ ಹೋಗೋದು, ಹೊತ್ತು ಮುಳುಗೋದ್ರಾಗೆ ಬಂದುಬಿಡೋದು. ಟಿಕೀಟು ಹರಿಯೋ ಪುಣ್ಯಾತ್ಮ "ಏನಮ್ಮಾ, ಧಣಿ ಮ್ಯಾಲೆ ಇಷ್ಟು ಪ್ರೀತಿ" ಅಂತ ಕೇಳ್ದ. ಹೂಂನಪ್ಪ ಅಂದೆ. ಇನ್ನೇನು ಹೇಳ್ಲಿ. ನಾ ಮುಖ ನೋಡಲ್ಲ. ಕುತ್ತಿಗೆಯಿಂದ ಕೆಳಗೆ ನೋಡ್ತೀನಿ. ಮಣಿಕಟ್ಟಿನ ಹತ್ರ ಕುಡಗೋಲು ತಾಗಿದ ಕಲೆ ಐತಲ್ಲ, ಅದನ್ನ ಅಳಿಸೋಕೆ ಮರೆತಾರೆ. ಅದು ಬಂದಾಗೆಲ್ಲ ನಂಗೆ ಉಸಿರು ಬರ್ತೈತೆ.

ಆ ಸಿನಿಮಾದಾಗೆ ನಿನ್ನ ಅವ್ವ ಸಾಯ್ತಾಳೆ. ನೀ ಮಂಡಿ ಊರಿ ಕೂತು ಅಳ್ತೀಯ. ನಿಮ್ಮಪ್ಪ ಹೋದಾಗ ನೀ ಹಂಗೇ ಅತ್ತಿದ್ದೆ, ಸದ್ದು ಇಲ್ದಂಗೆ, ಭುಜ ಅಷ್ಟೇ ಅಲುಗ್ತಿದ್ವು. ಊರಾಗೆ ಯಾರೂ ನೋಡಿರ್ಲಿಲ್ಲ ಅದನ್ನ, ನಾ ಒಬ್ಬಳೇ ನೋಡಿದ್ದು. ಈಗ ಅದೇ ಭುಜ ಅಲುಗ್ತಾವೆ, ಕಣ್ಣೀರು ಆ ಮನುಷ್ಯನ ಮುಖದ ಮ್ಯಾಲೆ ಇಳೀತಾವೆ. ಪಕ್ಕದಾಗಿದ್ದ ಹೆಣ್ಣುಮಗಳು "ಎಂಥಾ ನಟ ನೋಡ್ರಿ" ಅಂತ ಕಣ್ಣು ಒರಸಿಕೊಂಡ್ಲು. ಮುಖ ಕೊಟ್ರೆ ಕೊಟ್ಟೆ. ನಿಮ್ಮಪ್ಪಗೆ ಅತ್ತಿದ್ದನ್ನ ಯಾಕ ಕೊಟ್ಟುಬಂದ್ಯೋ.

ಸಹಿ ಮಾಡು ಅಂತಾಗ್ಲಿ ಬ್ಯಾಡ ಅಂತಾಗ್ಲಿ ನಾ ಹೇಳಲ್ಲ. ಒಂದು ಸಲ ಬಾ. ನಿನ್ನ ಮುಖ ನೋಡಬೇಕು.

ಅಂಜಿನವ್ವ
(ಬರೆದುಕೊಂಡವಳು ಚೌಡೇಶ್ವರಿ)


ಬೆಂಗಳೂರು
18 ಡಿಸೆಂಬರ್ 2025

ಮಾವನಿಗೆ,

ಸಹಿ ಮಾಡಲಿಲ್ಲ. ಮ್ಯಾನೇಜರು ಬೇಸರವನ್ನೂ ಮಾಡಿಕೊಳ್ಳಲಿಲ್ಲ. "ಪರವಾಗಿಲ್ಲ ಬಿಡಪ್ಪ" ಎಂದು ಕೈ ಕುಲುಕಿದರು. ಇಷ್ಟು ಸುಲಭಕ್ಕೆ ಬಿಟ್ಟರಲ್ಲ ಎಂದು ನನಗೇ ಆಶ್ಚರ್ಯ.

ಹರಿಹರದಲ್ಲಿ ಗೆಳೆಯರು ಒಂದು ನಾಟಕ ಆಡಿಸುತ್ತಿದ್ದಾರೆ. ಅದರಲ್ಲಿ ನನಗೆ ಮುಖ್ಯ ಪಾತ್ರ. ಸಣ್ಣ ಸಿನಿಮಾ ಮಾಡುವ ನಿರ್ದೇಶಕರೊಬ್ಬರು ನೋಡಲು ಬರುತ್ತಾರಂತೆ. ನನ್ನ ಮುಖದಲ್ಲೇ ನಿಂತು ನೋಡುತ್ತೇನೆ, ಆದದ್ದಾಗಲಿ.

ಕಾಗದದಲ್ಲಿ ನಿಮ್ಮನ್ನು ಹಾಗೆ ಕೇಳಬಾರದಿತ್ತು. ಶನಿವಾರ ಊರಿಗೆ ಬರುತ್ತೇನೆ.

ರೇವಂತ್


ಧಣಿ ಪೃಥ್ವಿಧರ್ ಅಭಿಮಾನಿ ಸಂಘ
ವಿನೋಬನಗರ, ದಾವಣಗೆರೆ
5 ಮಾರ್ಚ್ 2026

ಪೂಜ್ಯ ಧಣಿಯವರಿಗೆ ಮಲ್ಲೇಶಪ್ಪನ ನಮಸ್ಕಾರಗಳು.

ಇದು ನನ್ನ ಮೂವತ್ತೈದನೇ ವರ್ಷದ ಕಾಗದ. ಒಂಬತ್ತನೇ ತಾರೀಕಿಗೆ ನಿಮಗೆ ಅರವತ್ತನಾಲ್ಕು ತುಂಬುತ್ತದೆ. ಕಾಗದಗಳನ್ನು ನೀವೇ ಓದುತ್ತೀರೋ ಬೇರೆ ಯಾರಾದರೂ ಓದಿ ಫೋಟೋ ಕಳಿಸುತ್ತಾರೋ ನನಗೆ ತಿಳಿಯದು. ಇದೊಂದನ್ನು ನೀವೇ ಓದಬೇಕು.

'ಕೆಂಡದ ಹಗೇವು' ಸಿನಿಮಾದಲ್ಲಿ ನಿಮ್ಮ ಹರೆಯದ ಮೈಯಾದವನು ನನ್ನ ಅಕ್ಕನ ಮಗ ರೇವಂತ. ನೀವು ಅವನ ಹೆಗಲ ಮೇಲೆ ಕೈ ಇಟ್ಟು, ಚೆನ್ನಾಗಿ ಓಡುತ್ತೀ ಎಂದಿದ್ದಿರಿ. ನೆನಪಿರಬಹುದು. ಮತ್ತೆ ಮೂರು ಸಿನಿಮಾಕ್ಕೆ ಕರೆದಾಗ ಅವನು ಒಲ್ಲೆ ಎಂದು ಊರಿಗೆ ಬಂದ.

ಸಂಕ್ರಾಂತಿಯ ಮರುದಿನ ನಾವೆಲ್ಲ ಕೊಕ್ಕನೂರಿನಲ್ಲಿದ್ದೆವು. ರೇವಂತ ಜಗಲಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ಪಕ್ಕದಲ್ಲಿ ಅವನ ತಾಯಿ ಅಂಜಿನವ್ವ. ನನ್ನ ಮಗಳ ಫೋನಿನಲ್ಲಿ ನಿಮ್ಮ ಹೊಸ ಸಿನಿಮಾದ ತುಣುಕು ಬಂತು. ಇಪ್ಪತ್ತೈದರ ಪ್ರಾಯದ ನೀವು ಗದ್ದೆಯ ಬದುವಿನ ಮೇಲೆ ನಡೆದು ಬರುತ್ತೀರಿ. ನಮ್ಮಕ್ಕ ಒಂದು ಸಲ ನೋಡಿದವಳೇ, "ಬಂದ ನೋಡ್ರಿ ನನ್ನ ಮಗ" ಎಂದಳು. ಹೇಳಿ ಮುಗಿಸಿ ಪಕ್ಕಕ್ಕೆ ತಿರುಗಿದಳು. ಮಗ ಅಲ್ಲೇ ಕೂತಿದ್ದ, ಕೈಯಲ್ಲಿ ರೊಟ್ಟಿ ಚೂರು.

ಅವನು ಹೇಳಿದ: "ಅವ್ವಾ, ಇದ್ರಾಗೆ ನಾ ಮಾಡಿಲ್ಲ."

ಮಾಡಬೇಕಾಗಿಯೇ ಇರಲಿಲ್ಲ. ಮೂರು ದಿನ ಗುಂಡನೆಯ ಕೋಣೆಯಲ್ಲಿ ಅವನನ್ನು ನಡೆಸಿ, ಓಡಿಸಿ, ತಿರುಗಿಸಿ ಎಲ್ಲವನ್ನೂ ಇಟ್ಟುಕೊಂಡಿದ್ದರಂತೆ. ಮ್ಯಾನೇಜರು ನಗುನಗುತ್ತಾ ಕೈ ಕುಲುಕಿದ್ದು ಯಾಕೆಂದು ಆಗ ಗೊತ್ತಾಯಿತು. ಅವನು ರೊಟ್ಟಿಯನ್ನು ತಟ್ಟೆಗೆ ಹಾಕಿ ಎದ್ದು ಒಳಗೆ ಹೋದ. ನಾವೆಲ್ಲ ಅವನು ನಡೆಯುವುದನ್ನೇ ನೋಡುತ್ತಿದ್ದೆವು. ಅದು ಅವನಿಗೂ ಗೊತ್ತಾಯಿತು.

ಇಷ್ಟಕ್ಕೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಫೆಬ್ರವರಿಯಲ್ಲಿ ಹರಿಹರದಲ್ಲಿ ಅವನ ನಾಟಕ ಆಯಿತು. ಈ ಸಲ ನಾನು ಜನರ ಕಡೆ ತಿರುಗಿ ನಿಲ್ಲಲಿಲ್ಲ, ಎದುರಿಗೆ ಕೂತೆ. ಅವನು ರಂಗದ ಮೇಲೆ ಬಂದ. ಚಂದದ ಮುಖ, ಬೆಳಕಿನಲ್ಲಿ ಎದ್ದು ಕಾಣುವ ಮುಖ. ನನ್ನ ಕಣ್ಣು ತುಂಬಿತು. ಆದರೆ ಸುತ್ತಲಿನವರ ಹೆಗಲು ಅಲುಗುತ್ತಿದ್ದವು. ನಗುತ್ತಿದ್ದರು. ಯಾಕೆಂದು ನನಗೆ ತಿಳಿಯಲಿಲ್ಲ. ಚೌಡಿಯನ್ನು ತಿವಿದು ಕೇಳಿದೆ. ಅವಳು ಬರೆಯಲೊಲ್ಲಳು. ಒತ್ತಾಯ ಮಾಡಿದ ಮೇಲೆ ಒಂದು ಚೀಟಿ ಬರೆದು ಕೊಟ್ಟಳು. ಆ ಚೀಟಿಯನ್ನು ಈ ಕಾಗದಕ್ಕೆ ಪಿನ್ ಮಾಡಿದ್ದೇನೆ, ನೀವೇ ನೋಡಿ: 'ಧಣಿ ನಡಿಗೆ ಕಾಪಿ ಹೊಡೀತಾನೆ ಅಂತ ನಗ್ತಿದಾರೆ ಅಪ್ಪಾ.'

ನೋಡಲು ಬಂದಿದ್ದ ನಿರ್ದೇಶಕರು ಅವನಿಗೆ ಹೇಳಿದರಂತೆ: "ಮುಖ ಚೆನ್ನಾಗಿದೆ, ಆದ್ರೆ ಧಣಿಯ ಛಾಯೆ ಜಾಸ್ತಿ. ನಡಿಗೆ ಬದಲಾಯಿಸಿಕೊಂಡು ಬಾ."

ಈಗ ಅವನು ದಿನಾ ಬೆಳಿಗ್ಗೆ ಅಂಗಳದಲ್ಲಿ ನಡೆಯುವುದನ್ನು ಕಲಿಯುತ್ತಿದ್ದಾನೆ. ಬಲಗಾಲು ಒಳಕ್ಕೆ ತಿರುಗದಂತೆ ನೆಲದ ಮೇಲೆ ಸುಣ್ಣದ ಗೆರೆ ಎಳೆದುಕೊಂಡಿದ್ದಾನೆ. ಇಪ್ಪತ್ತೈದು ವರ್ಷದ ಮಗ. ಅವನ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಮೊದಲ ಸಲ ಅದೇ ಅಂಗಳದಲ್ಲಿ ಕೈ ಹಿಡಿದು ನಡೆಯಲು ಕಲಿಸಿದವಳು ಅವಳೇ.

ಅವನು ನನಗೆ ಹಿಂದೆ ಕಾಗದದಲ್ಲಿ ಒಂದು ಪ್ರಶ್ನೆ ಕೇಳಿದ್ದ. ಪ್ರತಿ ಮಾರ್ಚಿನಲ್ಲಿ ಏನು ಬರೆದು ಕಳಿಸುತ್ತಿದ್ದಿರಿ ಎಂದು. ನಿಮ್ಮ ಮೇಲೆ, ಕಂಪನಿಯ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಬೇಡಿಕೊಂಡವರು ನಾವು, ಧಣಿ. ನಿಮ್ಮ ಕೂದಲು ನರೆತದ್ದನ್ನು ನೋಡಲು ಒಪ್ಪದವರು ನಾವು. ನೀವು ಒಮ್ಮೆ ಅಪ್ಪನ ಪಾರ್ಟು ಮಾಡಿದಾಗ ಟಾಕೀಸಿನ ಕುರ್ಚಿ ಮುರಿದವರು ನಾವು. ನಾನೂ ಎರಡು ಮುರಿದಿದ್ದೆ.

ಆ ಹುಡುಗನ ನಡಿಗೆಯನ್ನು ಬಿಟ್ಟುಕೊಡಿ. ಕಂಪನಿಯವರು ನಿಮ್ಮ ಮಾತು ಮೀರಲಾರರು. ಮುಖ ನಿಮ್ಮದು, ನಿಮ್ಮಲ್ಲೇ ಇರಲಿ. ನಡಿಗೆ ಅವನ ಅವ್ವ ಕಲಿಸಿದ್ದು.

ಅಧ್ಯಕ್ಷನಾಗಿ ಇದು ನನ್ನ ಕೊನೆಯ ಕಾಗದ. ಇನ್ನು ಮುಂದೆ ಎಲ್ಲವನ್ನೂ ಪಾಲಯ್ಯ ನೋಡಿಕೊಳ್ಳುತ್ತಾನೆ. ಸಹಿ ಹಾಕಿದ ಫೋಟೋ ಕಳಿಸುವುದು ಬೇಡ. ಗೋಡೆಯಲ್ಲಿ ಇರುವುದು ಸಾಕು.

ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಒಂದೇ ಸಾಲು ಹಾರೈಸುತ್ತಿದ್ದೆ. ಈ ಸಲ ಬದಲಾಯಿಸಿದ್ದೇನೆ. ಅಭಿಮಾನದಿಂದಲೇ ಬರೆಯುತ್ತಿದ್ದೇನೆ, ಸಿಟ್ಟಿನಿಂದಲ್ಲ.

ನಿಮಗೆ ವಯಸ್ಸಾಗಲಿ.

ಇಂತು ನಿಮ್ಮ,
ಮಲ್ಲೇಶಪ್ಪ
ರೇವಂತನ ಸೋದರಮಾವ